ದಿನದ ಮೊದಲ ಪ್ರಶ್ನೆ

ಆಕೆ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನ ಅಟೆಂಡರ್. ಹೋದ ವರ್ಷ ಬಂದ ಜ್ವರ ಬಿಟ್ಟರೂ ಮೂಗಿಗೆ ವಾಸನೆ ಮಾತ್ರ ಮರಳಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆಯಲ್ಲಿ ಯಾರಿಗೂ ಹೇಳಲಿಲ್ಲ. ಲ್ಯಾಬಿನ ಮುಖ್ಯಸ್ಥರೋ ದಿನಾ ಬಂದೊಡನೆ ಕೇಳುತ್ತಿದ್ದರು, "ವಾಸನೆ ಏನಾದ್ರೂ ಬರ್ತಿದೆಯೇನಮ್ಮಾ?"

"ಇಲ್ಲ ಸಾರ್" ಎಂದು ಅವಳು ಬಾಟಲಿ ಒರೆಸುವ ನೆಪದಲ್ಲಿ ಅತ್ತ ತಿರುಗುತ್ತಿದ್ದಳು.

ಅಂದು ಚಳಿಗೆ ಅಸಿಟಿಕ್ ಆಸಿಡ್ ಬಾಟಲಿಯಲ್ಲೇ ಮಂಜುಗಡ್ಡೆಯಂತೆ ಹೆಪ್ಪುಗಟ್ಟಿತ್ತು. ಕೈಗವಸು ಹಾಕಿಕೊಂಡು, ಮುಚ್ಚಳ ಸಡಿಲಿಸಿ, ಕರಗಲೆಂದು ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿಟ್ಟಳು. ಸ್ವಲ್ಪ ಹೊತ್ತಿಗೆ ಮುಖ್ಯಸ್ಥರು ಬಂದು, ಟಬ್ಬಿನ ಪಕ್ಕದಲ್ಲೇ ನಿಂತು ಅದೇ ಪ್ರಶ್ನೆ ಕೇಳಿದರು.

"ಇಲ್ಲ ಸಾರ್."

ಅಷ್ಟರಲ್ಲಿ ಬಾಗಿಲಿಗೆ ಬಂದ ವಿದ್ಯಾರ್ಥಿಗಳು ಮೂಗು ಮುಚ್ಚಿಕೊಂಡು ಹಿಂದಕ್ಕೆ ಸರಿದರು. "ಅಯ್ಯಪ್ಪಾ, ಏನಿದು ಹುಳಿ ವಾಸನೆ!"

ಬಗ್ಗಿ ನೋಡಿದರೆ ಬಾಟಲಿಯ ತಳ ಬಿರುಕು ಬಿಟ್ಟು, ಆಸಿಡ್ಡೆಲ್ಲ ಟಬ್ಬಿಗೆ ಸೋರುತ್ತಿತ್ತು. ಅವಳು ಮುಖ್ಯಸ್ಥರತ್ತ ತಿರುಗಿ ಕೈಮುಗಿದಳು.

"ತಪ್ಪಾಯ್ತು ಸಾರ್, ನಂಗೆ ಯಾವ ವಾಸನೇನೂ ತಿಳಿಯಲ್ಲ. ಕೆಲಸದಿಂದ ಮಾತ್ರ ತೆಗೀಬೇಡಿ, ಮನೇಲಿ ದುಡಿಯೋಳು ನಾನೊಬ್ಬಳೇ."

ಮುಖ್ಯಸ್ಥರ ಮುಖ ಬಿಳಿಚಿಕೊಂಡಿತು.

"ನಂಗೂ ತಿಳಿಯಲ್ಲಮ್ಮಾ. ಅದಕ್ಕೇ ಅಲ್ವಾ, ದಿನಾ ನಿಮ್ಮನ್ನ ಕೇಳ್ತಿದ್ದಿದ್ದು?"