ಕಡಲ ಮೆಟ್ಟಿಲ ನಾತ

ಟವೆಲಮ್ಮ ಬಕೆಟ್ಟು ಕೆಳಗಿಟ್ಟು, ಮೂಗಿಗೆ ಕಟ್ಟಿದ ಬಟ್ಟೆಯನ್ನು ಇನ್ನಷ್ಟು ಬಿಗಿದಳು. ಮೀನಿನ ಕರುಳು, ಕಿವಿರು, ಕೊಳೆತ ತಲೆಗಳು. ಇವತ್ತಿನದಂತೂ ನಿನ್ನೆಯದಕ್ಕಿಂತ ಹೊಲಸು. ಕಡಲಿಗಿಳಿಯುವ ಮೆಟ್ಟಿಲುಗಳಿಂದೆದ್ದ ನಾತಕ್ಕೆ ಕುಡಿದ ಕಾಫಿ ಗಂಟಲಿಗೇ ಬಂತು. ಥೂ, ಇದೂ ಒಂದು ಬಾಳೇ ಎಂದುಕೊಂಡು ಅವಳು ಕೈಗವಸು ಏರಿಸಿ ಬಗ್ಗಿದಳು.

ಕೆಲಸ ಮುಗಿಸಿ, ಖಾಲಿ ಬಕೆಟ್ಟು ಹಿಡಿದು ಮೇಲೆ ಬರುವಷ್ಟರಲ್ಲಿ ಬೆಳಕು ಹರಿದಿತ್ತು. ದಿನವೂ ಆ ದಾರಿಯಲ್ಲಿ ಓಡುವ ದಂತವೈದ್ಯ ಎದುರಾಗಿ, ಮೂಗು ಹಿಡಿದುಕೊಂಡೇ ನಿಂತ.

"ಪಾಪ, ಈ ಹೊಲಸು ಕೆಲಸ ನಿಮ್ಮ ತಲೆಗೇ ಬಂತಲ್ಲ."

"ನಾನು ಮಾಡ್ದೆ ಇದ್ರೆ ಇನ್ಯಾರು ಮಾಡ್ತಾರೆ ಹೇಳಿ."

"ಇದನ್ನ ಸುರಿಯೋರ ಕೈ ಸೇದಿಹೋಗ."

ಟವೆಲಮ್ಮ ತನ್ನ ಅಂಗಡಿಯ ನಲ್ಲಿಯಲ್ಲಿ ಎರಡೆರಡು ಸಲ ಸೋಪು ಹಾಕಿ ಕೈ ತಿಕ್ಕಿದಳು.

ಅಂಗಡಿ ಎಂದರೆ ದೊಡ್ಡದೇನಲ್ಲ. ಕಡಲಿಗಿಳಿಯುವ ಹಾದಿಯ ಬಾಯಲ್ಲಿ ಒಂದು ತಗಡಿನ ಗೂಡು. ಈಜಲು ಬರುವವರಿಗೆ ಟವೆಲು, ಗಾಳಿ ತುಂಬಿದ ರಬ್ಬರ್ ಬಳೆ ಬಾಡಿಗೆಗೆ ಕೊಟ್ಟು ಬದುಕುವ ಹೆಂಗಸು ಅವಳು. ಊರಿಗೆಲ್ಲ ಸೇರಿದ ಈ ಹಾದಿಗೆ ಹಿಂದೊಮ್ಮೆ ಪಕ್ಕದ ಬಂಗಲೆಯ ಯಜಮಾನ ಬೇಲಿ ಬಿಗಿದಿದ್ದ. ಕಡಲೂ ತನ್ನ ಹಿತ್ತಲೇ ಎನ್ನುವ ಗತ್ತು ಅವನದು. ಟವೆಲಮ್ಮನೂ ಅವಳ ಗಂಡನೂ ಕೋರ್ಟಿನ ಹೊಸ್ತಿಲು ಸವೆಸಿ ಹಾದಿ ಬಿಡಿಸಿದರು. ಒಂದೊಂದು ಮೆಟ್ಟಿಲಿನ ಕಲ್ಲನ್ನೂ ಗಂಡನೇ ಹೊತ್ತು ಕೂರಿಸಿದ್ದ. ಈಗ ಅವನಿಲ್ಲ, ಮೆಟ್ಟಿಲುಗಳಿವೆ. ಹಾದಿ ಮುಚ್ಚಿದರೆ ಅಂಗಡಿಯೂ ಮುಚ್ಚಿದಂತೆಯೇ.

ಹಾಗಾಗಿ ಈ ನಾತ ಯಾರ ಕೈವಾಡ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೋರ್ಟಿನಲ್ಲಿ ಸೋತವನು ಕರುಳು ಸುರಿಸಿ ಗೆಲ್ಲಲು ಹೊರಟಿದ್ದಾನೆ ಎಂದರು. ಟವೆಲಮ್ಮ ಒಬ್ಬಳೇ ಎಷ್ಟೆಂದು ತೊಳೆದಾಳು ಎಂದು ಮರುಗಿದರು. ಬಂಗಲೆಯ ಕಾವಲುಗಾರ ಗೇಟಿಗೆ ಬಂದು, ನಮ್ಮ ಸಾಹೇಬರು ಮೀನು ಮುಟ್ಟುವವರೇ ಅಲ್ಲ ಎಂದು ಕೇಳದಿದ್ದರೂ ಹೇಳಿ ಹೋದ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ," ಎಂದು ದಂತವೈದ್ಯ ನಕ್ಕ. ಎಲ್ಲರೂ ನಕ್ಕರು. ಟವೆಲಮ್ಮ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡಳು.

ಕಡಲತೀರವನ್ನೂ ನೋಡಿಕೊಳ್ಳುವ ಉದ್ಯಾನ ಇಲಾಖೆಯ ಅಧಿಕಾರಿಗೆ ದೂರು ಹೋಗಿತ್ತು. ಅವನ ಮೇಲೆ ಟವೆಲಮ್ಮನಿಗೆ ಭರವಸೆ ಅಷ್ಟಕ್ಕಷ್ಟೆ. ಕಣ್ಣಿಗೆ ಕಂಡದ್ದು, ಮೂಗಿಗೆ ಬಡಿದದ್ದು ಬಿಟ್ಟು ಬೇರೇನನ್ನೂ ನಂಬದ ಪ್ರಾಣಿ ಅದು. ಹೋದ ವರ್ಷ ಇಲ್ಲಿ ಈಜಿದ ತನ್ನ ಮೊಮ್ಮಗಳು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿ, ಸಾವಿನ ಬಾಯಿಂದ ಕಡ್ಡಿಯಂತಾಗಿ ಮರಳಿದಾಗ, ಬಂಡೆಯ ಹಿಂದಿನ ಹೊಸ ಹೋಟೆಲಿನವರು ಕಡಲಿಗೆ ಬಿಟ್ಟ ಕೊಳಚೆ ಪೈಪು ನೋಡಿ ಎಂದು ಅವನ ಮೇಜಿನ ಮುಂದೆ ನಿಂತಿದ್ದಳು. ಅವನು ಬಂದು ಗಾಜಿನ ಲೋಟದಲ್ಲಿ ಕಡಲ ನೀರು ಮೊಗೆದು, ಬೆಳಕಿಗೆ ಹಿಡಿದು, ಮೂಸಿ, ಬಣ್ಣವೂ ಇಲ್ಲ ವಾಸನೆಯೂ ಇಲ್ಲ ಎಂದು ಕಾರು ಹತ್ತಿದ್ದ. ಇಂಥವನು ಬಂದರೆಷ್ಟು, ಬಿಟ್ಟರೆಷ್ಟು.

ನಾತಕ್ಕೆ ಹೆದರಿ ಜನ ಕಡಿಮೆಯಾದರು, ಆದರೂ ಪೂರ್ತಿ ನಿಲ್ಲಲಿಲ್ಲ. ಅವತ್ತು ಒಬ್ಬಳು ತಾಯಿ ಸೆರಗಿನಿಂದ ಮೂಗು ಮುಚ್ಚಿ, ಮಗುವನ್ನು ದರದರ ಎಳೆದುಕೊಂಡು ಬಂದು ರಬ್ಬರ್ ಬಳೆ ಕೇಳಿದಳು. ಗೋಡೆಯ ತುಂಬ ಬಳೆಗಳು ತೂಗುತ್ತಿದ್ದರೂ ಟವೆಲಮ್ಮ ಎಲ್ಲ ತೂತಾಗಿವೆ ಎಂದುಬಿಟ್ಟಳು.

"ಇಂಥ ಗಬ್ಬಲ್ಲೂ ಮಗೂನ ಕರ್ಕೊಂಡು ಹೋಗ್ತೀಯಲ್ಲಮ್ಮ?"

"ಮೆಟ್ಲು ದಾಟಿದ್ರೆ ಆಯ್ತಲ್ಲ ಅಜ್ಜಿ. ನೀರು ನೋಡಿ, ಕನ್ನಡಿ ಇದ್ದಂಗಿದೆ."

ಟವೆಲಮ್ಮ ಆ ಕನ್ನಡಿಯ ಕಡೆ ನೋಡಿ ಕ್ಯಾಕರಿಸಿ ಉಗಿದಳು. ಅವಳಿಗೆ ಎಲ್ಲರ ಮೇಲೂ ಹೇಸಿಗೆ ಹುಟ್ಟಿಬಿಟ್ಟಿತ್ತು.

ಅಧಿಕಾರಿ ಬಂದದ್ದು ಮರುದಿನ ಬೆಳಿಗ್ಗೆ. ಕರವಸ್ತ್ರ ಮುಚ್ಚಿಕೊಂಡು ಗತ್ತಿನಿಂದಲೇ ಇಳಿದ. ಮೂರನೆಯ ಮೆಟ್ಟಿಲಲ್ಲಿ ಬೂಟು ಜಾರಿ, ಕುಂಡೆಯೂರಿ ಕರುಳಿನ ಮೇಲೇ ಕೂತ. ಮೇಲೆ ಬಂದವನು ಅಂಗಡಿಯ ಪಕ್ಕದಲ್ಲೇ ಬೆಳಗಿನ ತಿಂಡಿಯನ್ನೆಲ್ಲ ಕಕ್ಕಿದ. ಟವೆಲಮ್ಮ ಒಂದು ಟವೆಲು ಕೊಟ್ಟಳು. ಬಾಡಿಗೆ ಕೇಳಲಿಲ್ಲ.

ಸುರಿದವರು ಯಾರು ಎಂದು ಹುಡುಕುವ ಉತ್ಸಾಹ ಅವನಲ್ಲಿ ಉಳಿದಿರಲಿಲ್ಲ. ಮಧ್ಯಾಹ್ನದೊಳಗೆ ಹಾದಿಯ ಬಾಯಿಗೆ ಕಬ್ಬಿಣದ ಗೇಟು ಬಂತು, ಸರಪಳಿ ಬಂತು, ಮುಂದಿನ ಆದೇಶದವರೆಗೆ ಪ್ರವೇಶವಿಲ್ಲ ಎಂಬ ಹಲಗೆ ಬಂತು. ಜನ ಬಂಗಲೆಯ ಕಡೆ ನೋಡಿ ಬೈದರು. ಮಹಡಿಯ ಮೇಲೆ ನಿಂತಿದ್ದ ಯಜಮಾನನ ಮುಖದಲ್ಲಿ ಮಾತ್ರ ಖುಷಿಗಿಂತ ಬೆರಗೇ ಹೆಚ್ಚಿತ್ತು.

"ನಿಮ್ಮ ಹೊಟ್ಟೆ ಮೇಲೆ ಹೊಡೆದಂಗಾಯ್ತು," ಎಂದ ಅಧಿಕಾರಿ. "ಏನ್ ಮಾಡ್ಲಿ, ಇಂಥ ನಾತ."

"ನಿಮ್ಮ ಮೂಗಿಗೆ ಬಂತಲ್ಲ ಸ್ವಾಮಿ, ಅಷ್ಟು ಸಾಕು."

ಎಲ್ಲರೂ ಹೋದ ಮೇಲೆ ಅವಳು ಸರಪಳಿಯ ಸಂದಿಯಿಂದ ಕೈ ತೂರಿಸಿ ಗಂಡ ಕೂರಿಸಿದ ಮೊದಲ ಕಲ್ಲನ್ನು ಮುಟ್ಟಿದಳು. ಅಳು ಒತ್ತರಿಸಿ ಬಂತು, ಅತ್ತಳು. ಆಮೇಲೆ ಮೂಗು ಸೀಟಿ, ಬಳೆಗಳ ಗಾಳಿ ಬಿಟ್ಟು ಮಡಚಿ, ಅಂಗಡಿಗೆ ಬೀಗ ಹಾಕಿ, ಬಕೆಟ್ಟು ಎತ್ತಿಕೊಂಡು ಮೀನು ಮಾರುಕಟ್ಟೆಯ ಕಡೆ ನಡೆದಳು.

"ನಾಳೆಯಿಂದ ನಂಗೆ ಕರುಳು ಎತ್ತಿಡ್ಬೇಡಪ್ಪ," ಎಂದಳು ಮೀನು ಕತ್ತರಿಸುವವನಿಗೆ, "ಆ ಹೋಟೆಲಿನವರ ಪೈಪು ಕೀಳೋ ತನಕ ಇನ್ಯಾವ ಮಗೂನೂ ಆ ನೀರಿಗೆ ಇಳಿಯೋದಿಲ್ಲ."