ನರಿಯ ಬಾಯಿಗೆ ಕೋಳಿಮರಿ

ಸುಲಭಾಳ ಪಾಪ್‌ಅಪ್ ಪುಸ್ತಕದಲ್ಲಿ ಪುಟ ತೆರೆದರೆ ಸಾಕು, ಕಾಗದದ ನರಿ ಎದ್ದು ನಿಂತು ಆ ಎಂದು ಬಾಯಿ ಕಳೆಯುತ್ತಿತ್ತು. ಅದರೆದುರು ಉಗುರಿನಷ್ಟು ಕೋಳಿಮರಿ. ಪುಟ ಮುಚ್ಚಿದರೆ ಮರಿ ಗುಳುಂ! ಆ ಒಂದು ಗುಳುಂಗಾಗಿ ಅವಳು ಮಳೆಗಾಲವಿಡೀ ಕತ್ತರಿ, ಅಂಟು ಹಿಡಿದು ಕೂತಿದ್ದಳು.

ಪ್ರಕಾಶಕರು ಒಮ್ಮೆ ತೆರೆದರು, ಒಮ್ಮೆ ಮುಚ್ಚಿದರು. ಮೀಸೆ ಕೂಡ ಅಲುಗಲಿಲ್ಲ.

"ಈಗಿನ ಮಕ್ಳು ಇಂಥದಕ್ಕೆಲ್ಲ ಬೀಳಲ್ಲಮ್ಮ. ಸಂಜೆ ನನ್ನ ಮೊಮ್ಮಗಳಿಗೆ ಕೊಟ್ಟು ನೋಡ್ತೀನಿ. ಅವಳು ಹೂಂ ಅಂದ್ರೆ ಅಚ್ಚಿಗೆ, ಇಲ್ಲಾಂದ್ರೆ ಇಲ್ಲ."

ಮರುದಿನ ಸುಲಭಾ ಪ್ರಕಾಶಕರ ಕಚೇರಿಗೆ ಬಂದಳು. ಪುಸ್ತಕ ಮೇಜಿನ ಮೇಲೆ ತೆರೆದೇ ಬಿದ್ದಿತ್ತು. ಮುಚ್ಚಿಡುವ ಗೋಜಿಗೂ ಯಾರೂ ಹೋಗಿಲ್ಲವಲ್ಲ ಎಂದು ಮುಖ ಸಪ್ಪೆ ಮಾಡಿಕೊಂಡು ಕೈ ಚಾಚಿದಳು.

"ಅಯ್ಯಯ್ಯೋ, ಮುಚ್ಬೇಡಮ್ಮಾ!" ಪ್ರಕಾಶಕರು ಕುರ್ಚಿಯಿಂದ ಹಾರಿ ಬಂದರು. "ಮುಚ್ಚಿದ್ರೆ ಮರಿ ಹೋಯ್ತು! ನಿನ್ನೆಯಿಂದ ಕಾಪಾಡ್ಕೊಂಡು ಕೂತಿದೀನಿ."

ಸುಲಭಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಹಾಗಾದ್ರೆ ಮೊಮ್ಮಗಳಿಗೆ ಅಷ್ಟೊಂದು ಇಷ್ಟ ಆಯ್ತಾ ಸರ್?"

ಅವರು ಪುಸ್ತಕದ ಸುತ್ತ ಎರಡೂ ಕೈಗಳನ್ನು ಬೇಲಿಯಂತೆ ಹಾಕಿದರು.

"ಅವಳಿಗೆ ನಾನಿನ್ನೂ ಕೊಟ್ಟೇ ಇಲ್ಲ!"