ಹೊಸ ಬೈಕಿನ ನೀಲಿ ಲೈಟು

ಗುತ್ತಿಗೆದಾರ ಮಾಸ್ಕ್ ಕೊಡದೆ ಮಲದ ಗುಂಡಿಗೆ ಇಳಿಸಿದ್ದರಿಂದ ಮುನಿಯನ ಅಣ್ಣ ಉಸಿರುಗಟ್ಟಿ ಸತ್ತ. ತಿಥಿ ಮುಗಿದದ್ದೇ ಅದೇ ಗುತ್ತಿಗೆದಾರ ಮುನಿಯನಿಗೊಂದು ಹೊಸ ಬೈಕ್ ಕೊಡಿಸಿ, ಲೈಟು ಹಾಕಿಸಲು ತಾನೇ ಅಂಗಡಿಗೆ ಕರೆತಂದ.

"ಯಾವ ಬಣ್ಣ ಬೇಕೋ ಹೇಳೋ, ನಾಚ್ಕೋಬೇಡ."

"ನೀಲಿ ಸಾರ್. ನಮ್ಮಣ್ಣಂಗೆ ಅದೇ ಇಷ್ಟ."

ಅಂಗಡಿಯವನು ಟ್ಯಾಂಕಿನ ಕೆಳಗೆ ಎಲ್‌ಇಡಿ ಪಟ್ಟಿ ಅಂಟಿಸುತ್ತ, "ಅಣ್ಣನ್ನೂ ಕರ್ಕೊಂಡ್ ಬರಬಾರ್ದಿತ್ತಾ ಗುರು?" ಎಂದು ನಕ್ಕ.

ಮುನಿಯ ಸ್ವಿಚ್ ಒತ್ತಿದಾಗ ಬೈಕಿನ ಹೊಟ್ಟೆಯೆಲ್ಲ ನೀಲಿಯಾಗಿ ಬೆಳಗಿತು. ಅವನ ಕಣ್ಣು ತುಂಬಿ ಬಂತು.

ಗುತ್ತಿಗೆದಾರ ಅವನ ಹೆಗಲ ಮೇಲೆ ಕೈಯಿಟ್ಟ. "ಸ್ಟೇಷನ್ನಲ್ಲಿ ಕೇಳಿದ್ರೆ, ಅಣ್ಣ ಕುಡ್ದಿದ್ದ, ಕಾಲು ಜಾರಿ ತಾನೇ ಬಿದ್ದ ಅಂತ ಹೇಳ್ಬಿಡು. ಅಷ್ಟೇ."

ಮುನಿಯ ಬೈಕಿನ ಕೀಯನ್ನು ಅವನ ಅಂಗೈಗೆ ಹಾಕಿದ.

"ಹೇಳಲ್ಲ ಸಾರ್. ನಿಮ್ ಮಾತು ಕೇಳಿ, ಅಣ್ಣನ ಸೊಂಟಕ್ಕೆ ಹಗ್ಗ ಕಟ್ಟಿ ಕೆಳಕ್ಕೆ ಬಿಟ್ಟಿದ್ದು ನಾನೇ."